ಸೆಮಿಫೈನಲ್‌ಗೆ ಬಂದ ಬಡಗಿ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ನಾನು ಇಸ್ತ್ರಿ ಯಂತ್ರ ನಡೆಸುತ್ತೇನೆ. ಒದ್ದೆ ಹಾಸುಬಟ್ಟೆಯ ಎರಡು ತುದಿ ಹಿಡಿದು ಕೊಟ್ಟರೆ ಅದು ಕಾದ ಉರುಳೆಗಳ ನಡುವೆ ಹಾದು ಆಚೆ ಕಡೆ ಕಾಗದದ ಹಾಗೆ ಗರಿಗರಿಯಾಗಿ ಬರುತ್ತದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಕೈ ತನ್ನ ಪಾಡಿಗೆ ತಾನು ದುಡಿಯುತ್ತಿರುತ್ತದೆ, ಬಾಯಿಗೆ ಏನೂ ಕೆಲಸವಿಲ್ಲ. ಬಾಯಿಗೊಂದು ಕೆಲಸ ಬೇಕೆಂದೇ ನಾವು ಬಾಕ್ಸಿಂಗ್ ಹಿಡಿದುಕೊಂಡಿದ್ದು.

ನಾವು ಎಂದರೆ ಮೂವರು. ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಣ್ಣ, ಒಗೆದ ಬಟ್ಟೆಯನ್ನು ವಾರ್ಡುಗಳಿಗೆ ವಿಂಗಡಿಸುವ ಮೇಷ್ಟ್ರು, ಮತ್ತು ನಾನು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಎಲ್ಲರ ಮಾತನ್ನೂ ತಿದ್ದುತ್ತಾರೆಂದು ಆ ಹೆಸರು ಬಿದ್ದಿತ್ತು. ಊಟದ ಅರ್ಧ ಗಂಟೆಯಲ್ಲಿ ನಾವು ಸತ್ತವರನ್ನೂ ಮುದುಕರಾದವರನ್ನೂ ಎಬ್ಬಿಸಿ ತಂದು ಗುದ್ದಾಡಿಸುತ್ತಿದ್ದೆವು. ಮಿಡಲ್‌ವೇಟ್ ಮಾತ್ರ, ಎಪ್ಪತ್ತೆರಡೂವರೆ ಕಿಲೋದವರು. ಅದಕ್ಕಿಂತ ಭಾರದವರು ಆನೆಗಳು, ಹಗುರದವರು ಗುಬ್ಬಿಗಳು, ಮನುಷ್ಯರು ಅಂತ ಗುದ್ದಾಡುವುದು ಈ ತೂಕದಲ್ಲಿ ಮಾತ್ರ ಎಂದು ಬಾಯ್ಲರಣ್ಣ ಸಾಧಿಸುತ್ತಿದ್ದ.

ಒಗೆಯುವ ಯಂತ್ರಗಳ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹದಿನಾರು ಹೆಸರು ಬರೆದು ಜೋಡಿ ಜೋಡಿಯಾಗಿ ಗೆರೆ ಎಳೆದಿದ್ದೆವು. ಅರವತ್ತು ವರ್ಷಗಳಿಂದ ಆಯ್ದ ಹದಿನಾರು ಜನ. ಪ್ರತಿಯೊಬ್ಬನೂ ತನ್ನ ಒಳ್ಳೆಯ ಕಾಲದಲ್ಲಿ ಹೇಗಿದ್ದನೋ ಹಾಗೆ ಬರಬೇಕು, ಹನ್ನೆರಡು ಸುತ್ತು, ವಾದ ಮುಗಿದ ಮೇಲೆ ಮೂವರ ವೋಟು.

“ಗಾರೆಯ ಎಡಗೈ ತಾಗಿದ್ರೆ ಗಡಿಯಾರ ನಿಂತೇಹೋಗುತ್ತೆ,” ಎನ್ನುತ್ತಿದ್ದ ಬಾಯ್ಲರಣ್ಣ. ಗಾರೆ ಎಂದರೆ ಗಾರೆ ಕೆಲಸ ಬಿಟ್ಟು ರಿಂಗಿಗೆ ಬಂದ ಎಡಚ. ಗಡಿಯಾರ ಅವನಿಗಿಂತ ಹಳಬ, ಯಾರ ಕೈಗೂ ಸಿಗದವನು.

“ತಾಗಿದ್ರೆ ಅಲ್ವೇನ್ರೀ? ಗಡಿಯಾರ ಹದಿನೈದು ವರ್ಷ ಆಡ್ದ. ಒಂದ್ಸಲನಾದ್ರೂ ಅವನ ಮೂಗು ಒಡೀತಾ?” ಎನ್ನುತ್ತಿದ್ದರು ಮೇಷ್ಟ್ರು.

“ಗಾರೆ ಜೊತೆ ಆಡ್ಲಿಲ್ಲ, ಅದಕ್ಕೇ ಒಡೀಲಿಲ್ಲ.”

“ಅವನು ಆಡೋ ಹೊತ್ತಿಗೆ ಗಾರೆ ಹುಟ್ಟೇ ಇರ್ಲಿಲ್ಲ!”

“ಅದು ಗಾರೆ ತಪ್ಪಾ?”

ಇಂಥ ಜಗಳ ಬಿಡಿಸುವ ಹೊಣೆ ನನ್ನದು. ಸುತ್ತು ಸುತ್ತಾಗಿ ಪಂದ್ಯವನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ಹೆಮ್ಮೆ ನನಗೆ ಚೆನ್ನಾಗಿಯೇ ಇತ್ತು.

ಹದಿನಾರನೇ ಹೆಸರು ಸಿಗದೆ ಹೋದಾಗ ನಾನು ತಮಾಷೆಗೆಂದು ಬಡಗಿಯ ಹೆಸರು ಬರೆದೆ. ಇಪ್ಪತ್ತಾರು ವರ್ಷದ ಹಿಂದೆ ನಮ್ಮ ಊರಿನವನೇ ಆದ ಆ ಬಡಗಿ ಮಿಡಲ್‌ವೇಟ್ ಪಟ್ಟದ ಪಂದ್ಯದವರೆಗೆ ಹೋಗಿದ್ದ. ಏಳು ಸುತ್ತು ಸರಿಸಮನಾಗಿ ಆಡಿ, ಎಂಟನೇ ಸುತ್ತಿನ ಗಂಟೆ ಹೊಡೆದಾಗ ತನ್ನ ಮೂಲೆಯ ಸ್ಟೂಲಿನಿಂದ ಏಳಲೇ ಇಲ್ಲ. ಆವತ್ತು ಆ ಸಭಾಂಗಣದಲ್ಲಿ ನಾನೂ ಇದ್ದೆ, ಹತ್ತೊಂಬತ್ತರ ಹುಡುಗ. ಚಪ್ಪಲಿ ಎಸೆದವರಲ್ಲಿ ನಾನೂ ಒಬ್ಬ. ಆಮೇಲೆ ಆ ಮನುಷ್ಯ ಎಲ್ಲಿ ಹೋದ, ಏನಾದ, ಯಾರಿಗೂ ಬೇಕಿರಲಿಲ್ಲ. ನಮಗೆ ಅವನು ‘ಸ್ಟೂಲು’.

ಲಾಂಡ್ರಿಯಲ್ಲಿ ನನ್ನದೊಂದು ಆಟ ಇತ್ತು. ಯಾರಾದರೂ ಹೊಸಬರು ಬಂದರೆ ಮಾಡಿ ತೋರಿಸುತ್ತಿದ್ದೆ. ಸ್ಟೂಲಿನ ಮೇಲೆ ಕಾಲಗಲಿಸಿ ಕೂತು, ಹೆಗಲಿಗೊಂದು ಟವೆಲ್ ಹಾಕಿ, ತಲೆಯನ್ನು ಎದೆಗೆ ಬೀಳಿಸುವುದು. ಬಾಯಲ್ಲೇ ‘ಟಣ್’ ಎಂದು ಗಂಟೆ ಹೊಡೆಯುವುದು. ಏಳಲು ಹೋದ ಹಾಗೆ ಮಾಡಿ ಮತ್ತೆ ಕುಕ್ಕರಿಸಿ, “ಸಾಕಪ್ಪಾ, ನಮ್ಮಮ್ಮನ ಹತ್ರ ಹೋಗ್ತೀನಿ,” ಎಂದು ಅಳುವುದು. ಬಾಯ್ಲರಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಕೋಣೆಯಲ್ಲಿ ನಾಲ್ಕನೆಯವರೊಬ್ಬರಿದ್ದರು. ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತು ಹರಿದ ಹಾಸು, ಗೌನು, ದಿಂಬಿನ ಚೀಲಗಳನ್ನು ಹೊಲಿಯುವ ಅಕ್ಕ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಎರಡು ವರ್ಷದ ಹಿಂದೆ ಸೇರಿದ್ದರು. ಗಂಡನಿಗೆ ಕಣ್ಣು ಸರಿಯಿಲ್ಲ, ಮನೆಯಲ್ಲೇ ಬೆತ್ತದ ಕುರ್ಚಿ ಹೆಣೆಯುತ್ತಾರೆ ಎಂಬುದಷ್ಟೇ ಅವರ ಬಗ್ಗೆ ನಮಗೆ ಗೊತ್ತಿತ್ತು. ಅವರು ಸೇರಿದ ಮೊದಲ ವಾರವೇ, ಹೊಸಬರು ಎಂದು, ನಾನು ಆ ಆಟವನ್ನು ಅವರ ಎದುರು ಮಾಡಿದ್ದೆ. ಅವರು ಹಲ್ಲಿನಲ್ಲಿ ನೂಲು ಕತ್ತರಿಸುತ್ತ ತಲೆ ತಗ್ಗಿಸಿಕೊಂಡಿದ್ದರು. ನಗು ತಡೆದುಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ.

ಕೆಲವು ತಿಂಗಳ ಹಿಂದೆ ಒಂದು ಸೋಮವಾರ ಅಕ್ಕ ಕೆಲಸಕ್ಕೆ ಬರಲಿಲ್ಲ. ಮೆಟ್ಟಿಲಲ್ಲಿ ಕಾಲು ಉಳುಕಿದೆ ಎಂದು ಫೋನ್ ಬಂತು. ಆಪರೇಷನ್ ಥಿಯೇಟರಿನ ಮೂವತ್ತು ಗೌನುಗಳು ಲಾಡಿ ಕಿತ್ತುಹೋಗಿ ಕೂತಿದ್ದವು. ಅಕ್ಕನ ಮನೆ ನನ್ನ ದಾರಿಯಲ್ಲೇ ಇತ್ತು. ಮನೆಯಲ್ಲೂ ಒಂದು ಮೆಷಿನ್ ಇದೆ, ಕೂತಲ್ಲೇ ಹೊಲಿದುಕೊಡುತ್ತೇನೆ ಎಂದಿದ್ದರಂತೆ. ಸಂಜೆ ನಾಲ್ಕಕ್ಕೆ ಗಂಟು ಹೊತ್ತು ಹೊರಟೆ.

ಮೂರನೇ ಮಹಡಿ. ಬಾಗಿಲು ತೆರೆದದ್ದು ಒಬ್ಬ ಗಂಡಸು. ಅಗಲ ಭುಜ, ಎರಡು ಕಡೆ ಒಡೆದು ಕೂಡಿಕೊಂಡ ಮೂಗು, ಗಂಟುಗಟ್ಟಿದ ಕಿವಿ. ಒಂದು ಕಣ್ಣು ಬೆಳ್ಳಗಾಗಿತ್ತು. ವಯಸ್ಸು ಅವನ ಮುಖವನ್ನು ಏನೆಲ್ಲ ಮಾಡಿದ್ದರೂ ನಾನು ಗುರುತು ಹಿಡಿಯದೆ ಇರುವುದು ಸಾಧ್ಯವಿರಲಿಲ್ಲ. ಇಪ್ಪತ್ತಾರು ವರ್ಷ ಅದೇ ಮುಖವನ್ನು ಅಣಕಿಸಿದವನು ನಾನು. ಕೈಯಲ್ಲಿದ್ದ ಗಂಟು ಜಾರಿತು.

ಅವರು ಗಾಳಿಯನ್ನೊಮ್ಮೆ ಮೂಸಿದರು. “ಸೋಪಿನ ವಾಸನೆ! ಲಾಂಡ್ರಿಯಿಂದ ಬಂದ್ರಾ? ಇಸ್ತ್ರಿ ಮೆಷಿನ್‌ನವರಲ್ವಾ ನೀವು?” ಎಂದು ನನ್ನ ಕೈ ಹಿಡಿದರು. “ಇವಳೇ, ನೋಡು ಯಾರು ಬಂದಿದ್ದಾರೆ! ನನ್ನ ಪರ ವಾದ ಮಾಡೋರು!”

ಒಳಗೆ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದ ಅಕ್ಕ ನನ್ನನ್ನು ನೋಡಿದರು. ಅಂಥ ನೋಟವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಸಿಟ್ಟಲ್ಲ, ಬೇಡಿಕೊಳ್ಳುವ ನೋಟ.

“ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದು ಅಕ್ಕನ ಗಂಡ ಅರ್ಧ ಹೆಣೆದ ಕುರ್ಚಿಯೊಂದನ್ನು ಪಕ್ಕಕ್ಕೆ ಸರಿಸಿದರು. “ಎರಡು ವರ್ಷದಿಂದ ಇವಳು ದಿನಾ ಬಂದು ಹೇಳ್ತಾಳೆ. ಗೋಡೆ ಮೇಲೆ ಹದಿನಾರು ಜನರ ಪಟ್ಟಿ ಇದೆಯಂತೆ, ಅದ್ರಲ್ಲಿ ನನ್ನನ್ನೂ ಸೇರಿಸಿದ್ದೀರಂತೆ. ಸೆಮಿಫೈನಲ್‌ಗೆ ಬಂದಿದ್ದೀನಂತೆ! ಬಾಯ್ಲರ್‌ನವರು ಒಪ್ಪಲೇ ಇಲ್ಲ, ನೀವೇ ಜಗಳಾಡಿ ಒಪ್ಪಿಸಿದ್ರಂತೆ.”

“ಹೌದು ಭಾವ,” ಎಂದೆ. ಅಕ್ಕನ ಗಂಡನನ್ನು ಬೇರೆ ಏನೆಂದು ಕರೆಯಲಿ?

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಾರೆಯನ್ನ ನಾನು ಹೇಗೆ ಸೋಲಿಸ್ದೆ? ಇವಳಿಗೆ ಅದೆಲ್ಲ ಬಿಡಿಸಿ ಹೇಳೋಕೆ ಬರಲ್ಲ. ‘ಪಾಯಿಂಟಲ್ಲಿ ಗೆದ್ರಿ’ ಅಂತಾಳೆ, ಅಷ್ಟೆ. ನಿಮ್ಮ ಬಾಯಿಂದ ಕೇಳ್ಬೇಕು.”

ನಾನು ಹೇಳಿದೆ. ಏನು ಮಾಡಲಿ? ನಾಲಿಗೆಯ ಮೇಲೆ ಸುಳ್ಳು ಸಲೀಸಾಗಿ ಹರಿಯಿತು. ಮೊದಲ ಮೂರು ಸುತ್ತು ನೀವು ದೂರ ನಿಂತಿರಿ, ಗಾರೆಗೆ ಅಳತೆಯೇ ಸಿಗಲಿಲ್ಲ. ನಾಲ್ಕನೇ ಸುತ್ತಿನಿಂದ ಎಡಕ್ಕೆ ಸುತ್ತುತ್ತ ಸುತ್ತುತ್ತ ಅವನ ಎಡಗೈಯಿಂದ ತಪ್ಪಿಸಿಕೊಂಡಿರಿ. ಒಂಬತ್ತರಲ್ಲಿ ಅವನು ಏದುಸಿರು ಬಿಡುತ್ತಿದ್ದ... ಅವರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಭುಜ ತಾನಾಗಿ ಅಲ್ಲಾಡುತ್ತಿತ್ತು. ಇನ್ನೂ ಕಾಣುವ ಕಣ್ಣು ಹೊಳೆಯುತ್ತಿತ್ತು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದ್ದರು.

ಮುಗಿದ ಮೇಲೆ ಅವರು ತಲೆಯಾಡಿಸಿದರು. “ಚೆನ್ನಾಗಿ ಹೇಳ್ತೀರಿ. ಆದ್ರೆ ಎಡಚನ ಎದುರು ಎಡಕ್ಕೆ ಸುತ್ತಿದ್ರೆ ಅವನ ಬಲಗೈ ಹುಕ್ ಕಾಯ್ತಿರುತ್ತೆ. ಗಾರೆಗೆ ಅದೂ ಇತ್ತು. ಆರನೇ ಸುತ್ತಲ್ಲೇ ನನ್ನ ಕಥೆ ಮುಗಿದಿರ್ತಿತ್ತು.” ಆಮೇಲೆ ನಕ್ಕರು. “ನೀವು ಧಾರಾಳ ಮನಸ್ಸಿನವರು. ಗುರುವಾರ ಕಣ್ಣಿನ ವಿಭಾಗಕ್ಕೆ ಬರೋದಿದೆ. ಹಾಗೇ ಕೆಳಗೆ ಬಂದು ಆ ಗೋಡೆ ನೋಡ್ಕೊಂಡು ಹೋಗ್ತೀನಿ. ಆಗ್ಬಹುದಲ್ವಾ?”

“ಅಯ್ಯೋ, ಬನ್ನಿ ಭಾವ,” ಎಂದೆ.

ಕುಂಟುತ್ತಲೇ ಅಕ್ಕ ಮೆಟ್ಟಿಲವರೆಗೆ ಬಂದರು. ಬಾಗಿಲು ಹಿಂದಿನಿಂದ ಎಳೆದುಕೊಂಡರು.

“ಅಕ್ಕ, ನನಗೆ ಗೊತ್ತಿರ್ಲಿಲ್ಲ. ಆಣೆ ಮಾಡ್ತೀನಿ.”

“ಗೊತ್ತಿದ್ದಿದ್ರೆ ನನ್ನೆದುರು ಮಾಡ್ತಿರ್ಲಿಲ್ಲ. ನಾನು ಆಚೆ ಹೋದಾಗ ನೀನು ಮಾಡ್ತಿದ್ದೆ. ಅಷ್ಟೇ ತಾನೇ ವ್ಯತ್ಯಾಸ?”

ನಾನು ಮೆಟ್ಟಿಲ ಕಂಬಿ ಹಿಡಿದು ನಿಂತೆ.

“ಮೊದಲ ದಿನ ಮನೆಗೆ ಬಂದು ಬಾಯಿ ತಪ್ಪಿ ಹೇಳ್ಬಿಟ್ಟೆ, ಅಲ್ಲಿ ನಿಮ್ಮ ಹೆಸರು ತೆಗೆದ್ರು ಅಂತ,” ಎಂದರು ಅಕ್ಕ. “ಎಷ್ಟೋ ವರ್ಷದ ಮೇಲೆ ಎದ್ದು ಕೂತ್ರು. ‘ಏನಂದ್ರು, ಏನಂದ್ರು?’ ಅಂತ. ಏನು ಹೇಳ್ಲಿ ನಾನು? ಒಂದು ಹೇಳಿದ್ದಕ್ಕೆ ಇನ್ನೊಂದು ಹೇಳ್ಬೇಕಾಯ್ತು.”

“ನಾನೇ ಒಳಗೆ ಹೋಗಿ ಕಾಲಿಗೆ ಬಿದ್ದು ಎಲ್ಲಾ ಹೇಳ್ಬಿಡ್ಲಾ ಅಕ್ಕ?”

“ಬೇಡಪ್ಪಾ. ಹೇಳಿದ್ರೆ ನಿನ್ನೆದೆ ಹಗುರ ಆಗುತ್ತೆ, ಅವ್ರದ್ದು ಏನಾಗ್ಬೇಕು? ನನಗೆ ಏನಾದ್ರೂ ಮಾಡ್ಬೇಕು ಅಂತಿದ್ರೆ ಗುರುವಾರದೊಳಗೆ ಆ ಗೋಡೆ ಸರಿಮಾಡು. ಬಾಯಿ ಮುಚ್ಕೊಂಡಿರು.”

ಮಾತು ಕೊಟ್ಟು ಇಳಿದೆ.

ಮಂಗಳವಾರ ಬೆಳಿಗ್ಗೆಯೇ ಇಬ್ಬರಿಗೂ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಮಧ್ಯಾಹ್ನ ಆಂಬುಲೆನ್ಸ್ ಡ್ರೈವರೊಬ್ಬರು ನಮ್ಮ ಜೊತೆ ಊಟಕ್ಕೆ ಕೂತರು. ಬಾಯ್ಲರಣ್ಣ ನನ್ನನ್ನು ತಿವಿದ, “ಸ್ಟೂಲು ತೋರ್ಸಪ್ಪ ಇವ್ರಿಗೆ.”

“ಇವತ್ತು ಬೇಡ, ಸೊಂಟ ಹಿಡ್ಕೊಂಡಿದೆ,” ಎಂದೆ.

“ಹಾಗಾದ್ರೆ ನಾನೇ ಮಾಡ್ತೀನಿ ಬಿಡು,” ಎಂದು ಅವನೇ ಎದ್ದ. ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಟವೆಲ್ ಜಾರಿತು, ಗಂಟೆ ಹೊಡೆಯುವುದು ಮರೆತ. ಡ್ರೈವರ್ ನಕ್ಕರು, ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಯಾರೂ ನನ್ನ ಬಾಯಿ ಹಿಡಿದು ಅಗಲಿಸಿರಲಿಲ್ಲ. ಅಕ್ಕನ ಖಾಲಿ ಕುರ್ಚಿ ಕಿಟಕಿಯ ಬಳಿ ಇತ್ತು. ಅದನ್ನು ನೋಡಿಕೊಂಡೇ ನಕ್ಕೆ. ಆ ಮಧ್ಯಾಹ್ನ ಎರಡು ಹಾಸುಗಳನ್ನು ಉರುಳೆಯೊಳಗೆ ಸೊಟ್ಟಗೆ ಕೊಟ್ಟು ಸುಟ್ಟೆ.

ಬುಧವಾರ ಬೇರೆ ದಾರಿಯಿರಲಿಲ್ಲ. ಇಬ್ಬರನ್ನೂ ಬಾಯ್ಲರ್ ಪಕ್ಕಕ್ಕೆ ಕರೆದು ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಒರೆಸಲೂ ಇಲ್ಲ, ಮತ್ತೆ ಹಾಕಿಕೊಳ್ಳಲೂ ಇಲ್ಲ. “ಅಕ್ಕ ನಮಗೆ ಎಷ್ಟು ಸಲ ನೀರು ತಂದು ಕೊಟ್ಟಿದ್ದಾರೆ,” ಎಂದಷ್ಟೇ ಹೇಳಿದರು.

ಬಾಯ್ಲರಣ್ಣ ಮಾತ್ರ ಲೆಕ್ಕ ಹಾಕಿದ. “ನಿನಗೆ ಯಾವಾಗ ಗೊತ್ತಾಯ್ತು?”

“ಸೋಮವಾರ.”

“ಅಂದ್ರೆ ನಿನ್ನೆ ಗೊತ್ತಿತ್ತು.” ಅವನ ಮುಖ ಕೆಂಪಾಯಿತು. “ಗೊತ್ತಿದ್ದೂ ನನ್ನ ಕೈಲಿ ಮಾಡಿಸಿದ್ಯಲ್ಲೋ! ಸೊಂಟ ನೋವಂತೆ! ಥೂ ನಿನ್ನ.”

ಅವನು ನನ್ನೊಡನೆ ಮಾತಾಡದೆಯೇ ಒದ್ದೆ ಬಟ್ಟೆ ತಂದು ಗೋಡೆ ಒರೆಸಿದ. ಮೇಷ್ಟ್ರು ಮುದ್ದಾದ ಅಕ್ಷರದಲ್ಲಿ ಹೆಸರುಗಳನ್ನು ಮತ್ತೆ ಬರೆದರು. ಬಡಗಿ ಗಾರೆಯನ್ನು ಗೆದ್ದ, ಅವನ ಮುಂದಿನವನನ್ನೂ ಗೆದ್ದ, ಸೆಮಿಫೈನಲ್‌ನಲ್ಲಿ ಗಡಿಯಾರದ ಎದುರು ಬಂದು ನಿಂತ.

ಗುರುವಾರ ಹನ್ನೊಂದಕ್ಕೆ ಭಾವ ಬಂದರು. ಅಕ್ಕನೂ ಆವತ್ತೇ ಕೆಲಸಕ್ಕೆ ಮರಳಿದ್ದರು, ಕಾಲಿಗೆ ಪಟ್ಟಿ ಸುತ್ತಿಕೊಂಡು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಭಾವ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಓದಬೇಕಾಯಿತು. ಬೆರಳನ್ನು ಗೆರೆಯ ಮೇಲೆ ಓಡಿಸುತ್ತ ಹೋದರು. ತಮ್ಮ ಹೆಸರಿನ ಮೇಲೆ ಬೆರಳು ನಿಂತಿತು.

“ಎಂಟನೇ ಸುತ್ತಿನ ಮಾತು ಯಾರೂ ಎತ್ಲಿಲ್ವಾ?” ಎಂದು ಕೇಳಿದರು.

ಹೊಲಿಗೆ ಯಂತ್ರ ನಿಂತಿತು. ಬಾಯ್ಲರಣ್ಣ ಮೀಟರಿನ ಕಡೆ ನೋಡಿದ.

“ಅದನ್ನ ಬಿಟ್ಟು ನನ್ನ ಬಗ್ಗೆ ಯಾರೂ ಮಾತಾಡೋಕೆ ಆಗಲ್ಲ,” ಎಂದರು. “ಎತ್ತಿರ್ಬೇಕು. ಯಾರು?”

ಸುಮ್ಮನಿರಬಹುದಿತ್ತು. ‘ಹಾಗೇನಿಲ್ಲ ಭಾವ’ ಎಂದು ಇನ್ನೊಂದು ಸುಳ್ಳು ಸೇರಿಸಬಹುದಿತ್ತು. ಕೊಟ್ಟ ಮಾತು ಅದೇ ಆಗಿತ್ತು. ಆದರೆ ಮೂರು ದಿನದಿಂದ ಒಳಗೆ ಕುದಿಯುತ್ತಿದ್ದದ್ದು ನನ್ನ ಹಿಡಿತ ಮೀರಿತು.

“ನಾನೇ,” ಎಂದೆ. “ಎತ್ತಿದ್ದಷ್ಟೇ ಅಲ್ಲ ಭಾವ. ನಿಮ್ಮನ್ನ ಆಡ್ಕೊಂಡು ನಗ್ತಿದ್ದೆ. ಆಟ ಕಟ್ಟಿ ತೋರಿಸ್ತಿದ್ದೆ. ಈ ಗೋಡೆ ನಿನ್ನೆ ಬರೆದದ್ದು.”

ಅವರು ಬೆರಳಿಗಂಟಿದ ಸುಣ್ಣವನ್ನು ಅಂಗಿಗೆ ಒರೆಸಿಕೊಂಡರು. ಹೆಂಡತಿ ಕೂತಿದ್ದ ಕಡೆ ತಿರುಗಿದರು, ಅವರಿಗೆ ಆಕೆ ಬೆಳಕಿನೆದುರಿನ ಒಂದು ಮಬ್ಬು ಆಕಾರವಾಗಿ ಕಂಡಿರಬೇಕು. ಕೈಯಿಂದ ಗೋಡೆ ಸವರಿಕೊಂಡು ಬಾಗಿಲು ಹುಡುಕಿ ಹೊರಟುಹೋದರು. ಅಕ್ಕ ಕುಂಟುತ್ತ ಹಿಂದೆ ಓಡಿದರು.

ಮರುದಿನ ಅಕ್ಕ ನನ್ನ ಯಂತ್ರದ ಬಳಿ ಬಂದು ನಿಂತರು. “ಹಗುರ ಆಯ್ತಾ?” ಎಂದರು. “ನಿನ್ನೆಯಿಂದ ಅವ್ರು ಊಟ ಮಾಡಿಲ್ಲ. ನನ್ನ ಜೊತೆ ಮಾತಿಲ್ಲ. ಎರಡು ವರ್ಷ ನಾನು ಕಟ್ಟಿದ್ದನ್ನ ನೀನು ಒಂದು ನಿಮಿಷದಲ್ಲಿ ಕೆಡವಿದೆ. ಹೇಳ್ಬೇಡ ಅಂದಿದ್ನಲ್ಲಪ್ಪಾ?”

ಎಲ್ಲರೆದುರು ನಿಜ ಹೇಳಿದೆ ಎಂದು ಹಿಂದಿನ ರಾತ್ರಿ ನನಗೆ ಒಂದಿಷ್ಟು ನೆಮ್ಮದಿಯಾಗಿ ನಿದ್ದೆ ಬಂದಿತ್ತು. ಅದು ನೆನಪಾಗಿ, ಉರುಳೆಗೆ ಕೈ ಕೊಟ್ಟುಬಿಡೋಣ ಎನ್ನುವಷ್ಟು ನಾಚಿಕೆಯಾಯಿತು.

ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಭಾವನೇ. ಒಳಗೆ ಕರೆಯಲೂ ಇಲ್ಲ, ತಳ್ಳಲೂ ಇಲ್ಲ. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

“ಆ ಆಟ ಮಾಡಿ.”

“ಭಾವ...”

“ಊರಿಗೆಲ್ಲ ತೋರಿಸಿದ್ದೀರಿ. ನಾನೂ ನೋಡ್ತೀನಿ.”

ಅವರೇ ಒಂದು ಸ್ಟೂಲು ತಂದಿಟ್ಟರು, ತಾವೇ ಹೆಣೆದ ಬೆತ್ತದ ಸ್ಟೂಲು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ತಪ್ಪಿಸಿಕೊಳ್ಳುವಂತಿರಲಿಲ್ಲ. ಕೂತೆ. ಕಾಲಗಲಿಸಿದೆ. ತಲೆ ಎದೆಗೆ ಬೀಳಿಸಿದೆ. ‘ಟಣ್’ ಎನ್ನುವಾಗ ದನಿ ಹೊರಡಲಿಲ್ಲ, ಎರಡನೇ ಸಲ ಹೊರಟಿತು. ಎದ್ದಂತೆ ಮಾಡಿ ಕುಕ್ಕರಿಸಿದೆ. ಅಮ್ಮನ ಮಾತು ಬಂದಾಗ ನನಗೆ ನಿಜಕ್ಕೂ ಅಳು ಬಂತು. ಅವರು ಬಿಡಲಿಲ್ಲ. “ಪೂರ್ತಿ ಮಾಡಿ,” ಎಂದರು. ಮಾಡಿದೆ.

ಅವರು ಒಂದು ಕಣ್ಣಲ್ಲಿ ಹತ್ತಿರದಿಂದ, ಕೆಲಸ ನೋಡುವ ಬಡಗಿಯ ಹಾಗೆ, ನನ್ನನ್ನು ನೋಡಿದರು.

“ತಲೆ ಬಗ್ಗಿಸಿರ್ಲಿಲ್ಲ,” ಎಂದರು ಕೊನೆಗೆ. “ಅದು ತಪ್ಪು. ಎದುರು ಮೂಲೆಯಲ್ಲಿದ್ದವನನ್ನೇ ನೋಡ್ತಿದ್ದೆ. ಅವನು ಆಗ್ಲೇ ಎದ್ದು ನಿಂತಿದ್ದ. ಕಣ್ಣು ತೆಗೆಯೋಕೆ ಆಗ್ಲಿಲ್ಲ. ಕಾಲಿಗೆ ಏಳು ಅಂದೆ. ಏಳ್ಲಿಲ್ಲ. ಆಮೇಲೆ ಪೇಪರ್‌ನವರು ಕಣ್ಣಿಗೆ ಪೆಟ್ಟಾಗಿತ್ತು ಅಂತ ಬರೆದ್ರು. ಕಣ್ಣು ಹೋಗಿದ್ದು ಎಷ್ಟೋ ವರ್ಷದ ಮೇಲೆ, ಕಾಯಿಲೆಯಿಂದ. ಆವತ್ತು ನನಗೆ ಹೆದರಿಕೆ ಆಯ್ತು. ಅಷ್ಟೇ ಆಗಿದ್ದು. ಇವಳಿಗೂ ಹೇಳಿರ್ಲಿಲ್ಲ.”

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರು ಹೆಂಡತಿಯ ಕಡೆ ತಿರುಗಿ, ಮೂರು ದಿನಗಳ ಮೇಲೆ ಮೊದಲ ಸಲ ಮಾತಾಡಿದರು. “ನೀನೂ ಸುಳ್ಳು ಹೇಳಿದೆ, ನಾನೂ ಸುಳ್ಳು ಹೇಳಿದೆ. ಊಟಕ್ಕೆ ಹಾಕು.”

ನನಗೆ ಊಟಕ್ಕೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸ್ಟೂಲನ್ನು ಎತ್ತಿ ಗೋಡೆಗೆ ಒರಗಿಸಿಟ್ಟು ಮೆಟ್ಟಿಲಿಳಿದೆ.

ಈಗ ಗೋಡೆಯ ಮೇಲೆ ಹೊಸ ಪಟ್ಟಿ ಇದೆ. ಬಡಗಿಯ ಹೆಸರು ಅದರಲ್ಲೂ ಇದೆ. ಮೊದಲ ಪಂದ್ಯದಲ್ಲೇ ಗಾರೆಯ ಕೈಲಿ ಸೋತಿದ್ದಾರೆ, ಆರನೇ ಸುತ್ತಿನಲ್ಲಿ, ಬಲಗೈ ಹುಕ್‌ಗೆ. ಅದು ಅವರೇ ಅಕ್ಕನ ಕೈಯಲ್ಲಿ ಕಳಿಸಿದ ತೀರ್ಪು. ಈಗ ನಾಲ್ಕನೇ ವೋಟು ಅವರದು. ಅಕ್ಕ ನಡೆದದ್ದನ್ನು ನಡೆದ ಹಾಗೇ ಮನೆಗೆ ಒಯ್ಯುತ್ತಾರೆ, ಬೆಳಿಗ್ಗೆ ಅವರ ಮಾತು ತರುತ್ತಾರೆ. ಬಾಯ್ಲರಣ್ಣನ ವಾದ ನಾಲ್ಕಕ್ಕೆ ಮೂರು ಸಲ ಬಿದ್ದುಹೋಗುತ್ತದೆ.

ಬಾಯ್ಲರಣ್ಣ ನನ್ನೊಡನೆ ಮಾತು ಶುರುಮಾಡಲು ಒಂದು ತಿಂಗಳು ಹಿಡಿಯಿತು. ಅಕ್ಕ ಮಾತಾಡುತ್ತಾರೆ, ಕೆಲಸಕ್ಕೆ ಬೇಕಾದಷ್ಟು. “ಈ ಹಾಸು ಹೊಲಿದಾಯ್ತು, ತಗೋ,” “ಆ ಗೌನು ಇಲ್ಲಿ ಹಾಕು.” ಮಾತಿನ ಕೊನೆಗೆ ‘ಅಪ್ಪಾ’ ಎನ್ನುವುದನ್ನು ನಿಲ್ಲಿಸಿದ್ದಾರೆ. ಊಟದ ಹೊತ್ತಿಗೆ ಯಾರಾದರೂ ಹೊಸಬರು ಬಂದು ಬಾಕ್ಸಿಂಗ್ ಮಾತು ತೆಗೆದರೆ ಮೇಷ್ಟ್ರು ನನ್ನ ಕಡೆ ನೋಡುತ್ತಾರೆ, ಪಂದ್ಯ ಹೇಳು ಎಂದು. ಹೇಳುತ್ತೇನೆ. ಮೊದಲಿನಷ್ಟು ಚೆನ್ನಾಗಿ ಬರುವುದಿಲ್ಲ. ಯಾರೋ ಒಬ್ಬ ಸೋಲುವ ಹಂತಕ್ಕೆ ಬಂದಾಗ ನನ್ನ ನಾಲಿಗೆ ತಡವರಿಸುತ್ತದೆ, ಹೊಸಬರಿಗೆ ಬೇಸರ ಬಂದು ಬೇರೆ ಮಾತಿಗೆ ಹೋಗುತ್ತಾರೆ.